ಕಡಲಿನ ಬಣ್ಣ ನೋಡಲು ಹೋದ ಗಾಡಿ

ಹೋದ ವಾರ ಮೊಳಕಾಲ್ಮೂರಿನಲ್ಲಿ ಒಳ್ಳೆಯ ಮಳೆಯಾಯಿತು. ಬೀದಿಯವರೆಲ್ಲ ಅಂಗಳಕ್ಕೆ ಬಂದು ಮುಖ ಮೇಲೆತ್ತಿ ನಿಂತಿದ್ದರು. ನಾನೊಬ್ಬ ಒಳಗೆ ನಿಂತು ಮಾಳಿಗೆಯನ್ನು ನೋಡುತ್ತಿದ್ದೆ. ಮಳೆ ಬರದಿದ್ದರೆ ಹೇಗಪ್ಪಾ ಎಂದು ಬೇಸಿಗೆಯೆಲ್ಲ ಕೊರಗಿದವನು, ಬಂದ ಕೂಡಲೇ ಮಾಳಿಗೆ ಸೋರಿದರೆ ಹೇಗಪ್ಪಾ ಎಂದು ಶುರುಮಾಡಿದ್ದೆ. ಸೋರಿತು. ಪುಣ್ಯಕ್ಕೆ ಮಗ್ಗಗಳ ಮೇಲಲ್ಲ, ಮೂಲೆಯಲ್ಲಿ ಮಡಿಸಿಟ್ಟಿದ್ದ ಹಳೆಯ ಕಂಬಳಿಯ ಮೇಲೆ. ಅದನ್ನು ಒಲೆಯ ಮುಂದೆ ಹರವಿದೆವು. ಮೊದಲು ಕುರಿಯ ವಾಸನೆ ಬಂತು. ಆಮೇಲೆ, ಅದರ ಕೆಳಗಿನಿಂದ ನಿಧಾನವಾಗಿ ಎದ್ದು ಬಂದ ಹಾಗೆ, ಉಪ್ಪಿನದು, ತೆಂಗಿನ ನಾರಿನದು, ಒಣಮೀನಿನದು.

"ಇಷ್ಟು ವರ್ಷ ಆದ್ರೂ ಇದ್ರ ನಾತ ಹೋಗ್ಲಿಲ್ಲ ನೋಡ್ರಿ. ಯಾರಿಗಾದ್ರೂ ಕೊಟ್ಟು ಕಳಿಸ್ರಿ ಅಂದ್ರೆ ಕೇಳಲ್ಲ," ಎಂದಳು ನನ್ನ ಹೆಂಡತಿ ಗೌರಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಮೀನೆಂದರೆ ಮಾರು ದೂರ ಹಾರುವ ಮನೆತನ ನಮ್ಮದು. ಆದರೂ ನಾನು ಆ ಕಂಬಳಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಮಲ್ಲಿಗೆ ದಂಡೆ ಮೂಸುವವನ ಹಾಗೆ ಎರಡು ಸಲ ಉಸಿರೆಳೆದುಕೊಂಡೆ. ಕಡಲು ಇನ್ನೂ ಅದರೊಳಗಿತ್ತು.

ನಾವು ಕಡಲು ನೋಡಲು ಹೋದ ವರ್ಷದ ಕಥೆ ಇದು. ಕಾಶಿಗೆ ಹೋಗುತ್ತಾರೆ, ಶ್ರೀಶೈಲಕ್ಕೆ ಹೋಗುತ್ತಾರೆ. ಒಂದು ಬಣ್ಣ ನೋಡಿಕೊಂಡು ಬರುವುದಕ್ಕೆ ಘಟ್ಟ ಇಳಿದವರು ಈ ಸೀಮೆಯಲ್ಲಿ ನಾವೇ ಇರಬೇಕು.

ಅಂಕೋಲೆಯ ಹತ್ತಿ ವರ್ತಕರೊಬ್ಬರು ಬಳ್ಳಾರಿಗೆ ವ್ಯಾಪಾರಕ್ಕೆ ಬಂದವರು ನಮ್ಮೂರಿನ ಸೀರೆಗಳನ್ನು ಕಂಡು ಮರುಳಾಗಿ ನಮ್ಮ ಮನೆಯವರೆಗೂ ಬಂದಿದ್ದರು. ವೈಶಾಖದಲ್ಲಿ ಅವರ ಮೊಮ್ಮಗಳ ಮದುವೆ. ಹುಡುಗಿಗೆ ಸಮುದ್ರದ ಬಣ್ಣದ ರೇಷ್ಮೆ ಸೀರೆಯೇ ಬೇಕಂತೆ. "ಆಗ್ತದಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದೊಡ್ಡವ್ವನ ದನಿ ಬಂತು: "ಯಾಕಾಗಲ್ಲ?"

ದೊಡ್ಡವ್ವ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ ತಿಪ್ಪಮ್ಮ. ದೊಡ್ಡಪ್ಪ ಹೋದ ಮೇಲೆ ಮನೆಯ ಬಣ್ಣದ ಕೆಲಸವೆಲ್ಲ ಅವಳ ಕೈಯಲ್ಲಿತ್ತು. ಹಿತ್ತಲಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದ ದೊಡ್ಡ ಮಣ್ಣಿನ ಬಾನಿಯೇ ಅವಳ ರಾಜ್ಯ. ಅದರಲ್ಲಿ ನೀಲಿ ಹುದುಗುತ್ತಿತ್ತು. ನೀಲಿಯ ಬಾನಿ ಹಾಲು ಕೊಡುವ ಹಸುವಿದ್ದ ಹಾಗೆ. ದಿನವೂ ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ, ಕಲಕಿ, ಮಾತಾಡಿಸಬೇಕು. ಬಿಟ್ಟರೆ ಸಾಯುತ್ತದೆ. ದೊಡ್ಡವ್ವನ ಎರಡೂ ಕೈ ಮೊಣಕೈವರೆಗೆ ನೀಲಿ. ಅವಳು ಇಟ್ಟುಕೊಂಡ ವಿಭೂತಿಯೂ ತುಸು ನೀಲಿಯಾಗಿಯೇ ಇರುತ್ತಿತ್ತು.

ನಮ್ಮ ಮನೆಯಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಅದೊಂದು ತೊಡಕು ಎಂದು ಯಾರಿಗೂ ಅನ್ನಿಸಲಿಲ್ಲ. ಜಗುಲಿಯ ಮೇಲೆ ಕೂತು ವಿಚಾರ ಮಾಡಿದೆವು. ಸಮುದ್ರವೆಂದರೆ ನೀರು. ನಮ್ಮ ಕೆರೆಗಿಂತ ದೊಡ್ಡದು, ಅಷ್ಟೆ. ಹಾಗಾದರೆ ನೀರಿನ ಬಣ್ಣ ಯಾವುದು? ನಮ್ಮ ಸೀಮೆಯಲ್ಲಿ ಇದನ್ನು ಯಾರು ಬೇಕಾದರೂ ಹೇಳಿಯಾರು. ಬಿರುಕುಬಿಟ್ಟ ಕೆರೆಗೆ ಹೊಸ ನೀರು ನುಗ್ಗಿದ ದಿನ ಏನು ಬಣ್ಣವಿರುತ್ತದೋ ಅದು. ಕೆಮ್ಮಣ್ಣಿನ ಕೆಂಪು, ಬಿಸಿಲು ಬಿದ್ದ ಕಡೆ ಹೊನ್ನು. ಆ ನೀರಿಗೆ ನಾವು ಆರತಿ ಎತ್ತುತ್ತೇವೆ, ಬಾಗಿನ ಬಿಡುತ್ತೇವೆ. ಮದುಮಗಳಿಗೆ ಅದಕ್ಕಿಂತ ಮಂಗಳದ ಬಣ್ಣ ಇನ್ನೊಂದಿದೆಯೇ? ದೊಡ್ಡವ್ವ ಅರಗು, ದಾಳಿಂಬೆ ಸಿಪ್ಪೆ ಹಾಕಿ, ಒಂಬತ್ತು ಸಲ ಅದ್ದಿ ಒಣಗಿಸಿ, ಅಂಥ ಬಣ್ಣ ಎತ್ತಿದಳು. ನೇಯ್ದು ಕಳಿಸಿದೆವು.

ಪುಷ್ಯ ಮಾಸದಲ್ಲಿ ಸೀರೆ ವಾಪಸು ಬಂತು. ತಂದವನು ವರ್ತಕರ ಆಳು. "ನಮ್ಮ ಯಜಮಾನ್ರು ಕೇಳಿದ್ದು ಸಮುದ್ರದ ಬಣ್ಣ. ಇದು ಕೆಸರಿನ ಬಣ್ಣ ಅಂತ ಹೇಳ್ಲಿಕ್ಕೆ ಹೇಳಿದ್ರು. ಮದುವೆಗೆ ಇನ್ನೂ ಹೊತ್ತುಂಟು, ಬೇರೆ ಆದ್ರೆ ಕಳಿಸಿ" ಎಂದು ನೆಲ ನೋಡುತ್ತಾ ಒಪ್ಪಿಸಿ ಹೋದ.

ದೊಡ್ಡವ್ವ ಬಣ್ಣ ಹಾಕಿದ ಸೀರೆ ಅವಳ ಆಯುಸ್ಸಿನಲ್ಲಿ ಎಂದೂ ಹೊಸಿಲು ದಾಟಿ ಹಿಂದೆ ಬಂದಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. ಕೈ ತೊಳೆದುಕೊಂಡು ಬಂದು ಹೇಳಿದಳು: "ಆ ನೀರು ಕಣ್ಣಿಂದ ನೋಡೋತನಕ ನಾನು ಬಾನಿಗೆ ಕೈ ಇಡಲ್ಲ."

ಅವಳು ಕೈ ಇಡದಿದ್ದರೆ ಬಾನಿ ಬದುಕುವುದು ಹೇಗೆ? ಗೌರಮ್ಮ ಅದಕ್ಕೆ ಮೇವು ಹಾಕಿಯಾಳು, ಬಣ್ಣ ಎತ್ತುವುದು ಅವಳಿಂದಾಗದು. ಆಗಲೇ ಬಳ್ಳಾರಿಯಿಂದ ಡಬ್ಬಿಗಳಲ್ಲಿ ಪುಡಿ ಬಣ್ಣ ಬರತೊಡಗಿತ್ತು. ಕುದಿಯುವ ನೀರಿಗೆ ಹಾಕು, ಅದ್ದು, ಎತ್ತು. ನಮ್ಮ ಬೀದಿಯ ಎಷ್ಟೋ ಬಾನಿಗಳು ಒಣಗಿ, ಅವುಗಳಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ನಮ್ಮದೂ ಅದೇ ದಾರಿ ಹಿಡಿಯುವುದರಲ್ಲಿತ್ತು.

"ಯಾರನ್ನಾದ್ರೂ ಕಳ್ಸಿ ಒಂದು ಶೀಸೆಯಾಗೆ ಸಮುದ್ರದ ನೀರು ತರ್ಸಾನ ದೊಡ್ಡವ್ವ," ಎಂದೆ.

"ನಿನ್ನನ್ನೇ ಶೀಸೆಯಾಗೆ ಹಾಕಿ ಕಳಿಸ್ತೀನಿ. ಗಾಡಿ ಗೊತ್ತು ಮಾಡಲೇ ಸಿದ್ದ!"

ಸಂಕ್ರಾಂತಿ ಕಳೆದ ಮೇಲೆ ಚಳ್ಳಕೆರೆಯ ಪಾಲಯ್ಯನ ಗಾಡಿ ಗೊತ್ತಾಯಿತು. ಪಾಲಯ್ಯ ದನ ಮೇಯುವ ಕಾವಲಿನಲ್ಲಿ ಎತ್ತುಗಳ ನಡುವೆ ಬೆಳೆದವನು. ಏನೇ ಹೇಳಿದರೂ ನಗುವ ಮನುಷ್ಯ. ಅವನ ಎತ್ತುಗಳು ಕೆಂಚ, ಮೈಲ. ನಾನು ಚಳ್ಳಕೆರೆಯ ಸಂತೆಯಲ್ಲಿ ಕಡಲಿನ ಚಳಿಗೆಂದು ಒಂದು ದಪ್ಪ ಕಂಬಳಿ ಕೊಂಡೆ. ಹುಣಸೆಬೀಜದ ಗಂಜಿ ಕುಡಿದು ಬಾಗಿಲಿನ ಹಾಗೆ ನಿಲ್ಲುತ್ತಿತ್ತು ಅದು. ಗಾಡಿಯ ಹಿಂದೆ ಊರಿನ ಬಾವಿಯ ನೀರು ತುಂಬಿದ ಮರದ ಪೀಪಾಯಿಯೊಂದನ್ನು ಬಿಗಿದೆ. ದಾರಿಯಲ್ಲಿ ನೀರು ಸಿಗದಿದ್ದರೆ?

"ಯಜಮಾನ್ರೆ, ನಾವು ಹೊಂಟಿರೋದು ಸಮುದ್ರಕ್ಕೆ," ಎಂದ ಪಾಲಯ್ಯ.

"ಗೊತ್ತು. ನೀನು ಬಿಗಿಯಾಗಿ ಕಟ್ಟು."

ದೊಡ್ಡವ್ವ ತಂದದ್ದು ಒಂದು ಹಗ್ಗ, ಒಂದಿಷ್ಟು ಅರಿಶಿನ, ಒಂದು ಪುಟ್ಟ ಮಡಕೆ. ಹಗ್ಗಕ್ಕೆ ರೇಷ್ಮೆ ನೂಲಿನ ಲಡಿಗಳನ್ನು ಸಾಲಾಗಿ ಕಟ್ಟಿದ್ದಳು. ಬೆಳಗಿನ ಆಕಾಶದಷ್ಟು ತೆಳುವಾದ ನೀಲಿಯಿಂದ ಕಾಗೆಯ ರೆಕ್ಕೆಯಷ್ಟು ಕಪ್ಪಾದ ನೀಲಿಯವರೆಗೆ. ನಾನು ಆ ವಾಪಸು ಬಂದ ಸೀರೆಯನ್ನೂ ಗಂಟಿನಲ್ಲಿ ಸೇರಿಸಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಯಾಕೆಂದು ಗೊತ್ತಿಲ್ಲದ ವಸ್ತುಗಳಿಂದಲೇ ನನ್ನ ಗಂಟು ಯಾವಾಗಲೂ ತುಂಬಿರುತ್ತದೆ.

ದುರ್ಗ, ಶಿವಮೊಗ್ಗೆ, ಸಾಗರಗಳ ದಾರಿಯಲ್ಲಿ ನಾನು ಕಳ್ಳರಿಗೆ ಹೆದರಿದೆ, ಪ್ಲೇಗಿಗೆ ಹೆದರಿದೆ. ಗೇರುಸೊಪ್ಪೆ ಘಟ್ಟದಲ್ಲಿ ಹುಲಿಗೆ ಹೆದರಬೇಕೋ, ಗಾಡಿಯ ಕೀಲಿಗೆ ಹೆದರಬೇಕೋ ತೀರ್ಮಾನವಾಗದೆ ಎರಡಕ್ಕೂ ಹೆದರಿದೆ. ಯಾವುದೂ ಆಗಲಿಲ್ಲ. ನನ್ನ ಹೆದರಿಕೆಗಳು ನಡೆದುಬಂದದ್ದು ತೀರ ಅಪರೂಪ. ಅದಕ್ಕೇ ನಾನು ಅವನ್ನು ಬಿಟ್ಟಿಲ್ಲ. ಅವೇ ಕಾಯುತ್ತವೆ ಎಂದು ನನ್ನ ನಂಬಿಕೆ.

ಹೊನ್ನಾವರದ ಹೊರಗೆ ರಸ್ತೆ ಒಂದು ದಿಬ್ಬ ಹತ್ತಿ ತಿರುಗಿತು. ತೆಂಗಿನ ಮರಗಳ ನಡುವೆ ಏನೋ ಎದ್ದು ನಿಂತ ಹಾಗೆ ಕಂಡಿತು. ನಾನು ಆಕಾಶ ಎಂದುಕೊಂಡೆ. ಪಾಲಯ್ಯ ಗುಡ್ಡ ಎಂದುಕೊಂಡನಂತೆ. ಆಮೇಲೆ ಅದು ಅಲುಗಾಡಿತು.

"ಅಬ್ಬಾ! ಎನ್ನಿ ನೀಳ್ಳುರಾ!" ಎಂದಳು ದೊಡ್ಡವ್ವ. ಅವಳ ತವರು ರಾಯದುರ್ಗದ ಕಡೆ. ಎದೆ ತುಂಬಿದಾಗ ಬಾಯಿಗೆ ತೆಲುಗೇ ಬರುತ್ತಿತ್ತು; ಎಷ್ಟೊಂದು ನೀರೋ ಎಂದದ್ದು. "ನಿಲ್ಸಲೇ ಪಾಲಯ್ಯಾ!"

ಗಾಡಿ ಪೂರಾ ನಿಲ್ಲುವ ಮೊದಲೇ ಇಳಿದಳು. ಅರವತ್ತು ದಾಟಿದ ಹೆಂಗಸು ಮರಳಿನಲ್ಲಿ ಓಡಿದಳು. ನಾನು ಹಿಂದೆ "ನಿಧಾನ, ನಿಧಾನ" ಎಂದು ಓಡಿದೆ, ನನ್ನ ಹಿಂದೆ ನನ್ನ ಕಂಬಳಿ ಎಳೆದುಕೊಂಡು ಬಂತು. ಅವಳು ಅಲೆಯೊಳಕ್ಕೆ ಕೈ ಹಾಕಿ ಬೊಗಸೆ ತುಂಬ ನೀರೆತ್ತಿದಳು. ಬೊಗಸೆಯನ್ನೇ ನೋಡಿದಳು. ಮತ್ತೆ ಚೆಲ್ಲಿ ಮತ್ತೆ ಎತ್ತಿದಳು.

"ಲೇ ಸಿದ್ದ, ಕೈಯಾಗೆ ತಗಂಡ್ರೆ ಇದಕ್ಕೆ ಬಣ್ಣನೇ ಇಲ್ಲ ಕಣೋ!"

ಅದು ನಿಜವಾಗಿತ್ತು. ನಮ್ಮ ಕೆರೆಯ ಕೆಂಪು ನೀರು ಬೊಗಸೆಯಲ್ಲೂ ಕೆಂಪೇ. ಇದು ದೂರಕ್ಕೆ ನೀಲಿ, ಕೈಗೆ ಬರಿ ನೀರು.

"ಹಂಗಾರೆ ಬಿಳೀ ಸೀರೆನೇ ಕೊಟ್ಟುಬಿಡಾನ," ಎಂದೆ.

"ಮದುವಿಗೆ ಬಿಳೀ ಸೀರೆ ಹಿಡ್ಕಂಡು ಹೋಗು, ಒದೆ ತಿಂದು ಬರ್ತೀಯ." ಬೊಗಸೆಯನ್ನು ಬಾಯಿಗಿಟ್ಟಳು, ಥೂ ಎಂದು ಉಗುಳಿದಳು. "ಇಷ್ಟೊಂದು ನೀರು ಮಾಡಿ ಉಪ್ಪು ಹಾಕಿ ಕೆಡಿಸಿಟ್ಟಾನಲ್ಲೋ ಶಿವ! ಒಂದು ಮೂಲೆನಾದ್ರೂ ಸಿಹಿ ಬಿಡಬಾರದಿತ್ತಾ, ನಮ್ಮ ಕಡಿಗೆ?"

ಅಲ್ಲಿಂದ ಶುರುವಾಯಿತು. ಹೊನ್ನಾವರದಿಂದ ಕುಮಟೆಗೆ ಗಾಡಿಯವರು ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟುತ್ತಾರೆ. ನಮಗೆ ಎಷ್ಟು ದಿನ ಹಿಡಿಯಿತೆಂದು ಹೇಳಲು ನಾಚಿಕೆ. ರಸ್ತೆ ಕಡಲಿನ ಪಕ್ಕದಲ್ಲಿ ಕಣ್ಣಾಮುಚ್ಚಾಲೆ ಆಡುತ್ತಾ ಹೋಗುತ್ತಿತ್ತು. ಒಂದು ತೋಟ, ಒಂದು ಗದ್ದೆ, ಒಂದು ದಿಬ್ಬ, ತಿರುಗಿದರೆ ಫಳಕ್ಕನೆ ನೀರು. ಪ್ರತಿ ಸಲವೂ "ನಿಲ್ಸಲೇ ಪಾಲಯ್ಯಾ!" ಪ್ರತಿ ಸಲವೂ ದೊಡ್ಡವ್ವ ಹಗ್ಗ ಬಿಚ್ಚಿ ಲಡಿಗಳನ್ನು ಒಂದೊಂದಾಗಿ ಕಡಲಿಗೆ ಹಿಡಿಯುವಳು. ಬೆಳಿಗ್ಗೆ ಹೊಂದಿದ ಲಡಿ ಮಧ್ಯಾಹ್ನ ಸುಳ್ಳಾಗುತ್ತಿತ್ತು. ಧಾರೇಶ್ವರದ ದಂಡೆಯಲ್ಲಿ ಅವಳು ಒಂದನ್ನು ಹಿಡಿದು "ಇದೇ, ಇದೇ!" ಎಂದು ಕೂಗುತ್ತಿದ್ದ ಹಾಗೆಯೇ ಸೂರ್ಯನಿಗೆ ಮೋಡ ಅಡ್ಡ ಬಂತು. ಕಡಲು ಪಾರಿವಾಳದ ಬೂದುಬಣ್ಣಕ್ಕೆ ತಿರುಗಿತು.

"ಒಂದು ಗಳಿಗೆ ಸುಮ್ನೆ ನಿಂತ್ಕಳಕ್ಕೆ ಏನು ರೋಗ ಇದಕ್ಕೆ?" ಎಂದು ಅಷ್ಟು ದೊಡ್ಡ ಸಮುದ್ರವನ್ನು ಬೈದಳು.

"ಎತ್ತಿಗಾದ್ರೆ ಮೂಗುದಾರ ಹಾಕಬೋದು ಅವ್ವ, ಇದಕ್ಕೆ ಏನು ಹಾಕಾನ?" ಎಂದ ಪಾಲಯ್ಯ.

ಹಾದುಹೋಗುವ ಗಾಡಿಯವರು "ಅಚ್ಚು ಮುರೀತೇನ್ರೋ?" ಎಂದು ಕೇಳುತ್ತಿದ್ದರು. "ಗಾಡಿ ಚೆನ್ನಾಗೈತೆ, ನಮ್ಮವ್ವಗೆ ಬಣ್ಣ ಸಿಕ್ಕಿಲ್ಲ" ಎನ್ನುವನು ಪಾಲಯ್ಯ. ಅವರು ಹಿಂತಿರುಗಿ ನೋಡುತ್ತಾ ನೋಡುತ್ತಾ ಮರೆಯಾಗುತ್ತಿದ್ದರು.

ನಿಲ್ಲಿಸುವ ಚಟ ಎತ್ತುಗಳಿಗೂ ಹತ್ತಿತು. ಕುಮಟೆ ದಾಟಿದ ಮೇಲೆ ಉಪ್ಪಿನ ಗದ್ದೆಗಳು ಬಂದವು. ಗದ್ದೆಯಂಚಿಗೆ ಹಿಮದ ಹಾಗೆ ಉಪ್ಪಿನ ರಾಶಿ. ಕೆಂಚ ಮೂಗರಳಿಸಿದ್ದೇ ಮೈಲನನ್ನೂ ಗಾಡಿಯನ್ನೂ ನಮ್ಮನ್ನೂ ಎಳೆದುಕೊಂಡು ರಸ್ತೆ ಬಿಟ್ಟು ಇಳಿದು, ರಾಶಿಗೆ ನಾಲಿಗೆ ಚಾಚಿಯೇಬಿಟ್ಟ. ಗದ್ದೆಯವರು ಕೋಲು ಹಿಡಿದು ಬಂದರು. ಎತ್ತು ಉಪ್ಪು ನೆಕ್ಕಿ ಸತ್ತುಹೋದೀತೆಂದು ನಾನು ಬೆವೆತೆ. ಬೆವೆಯಲು ಬೇರೆ ಕಾರಣವೂ ಇತ್ತು: ಕಡಲಿನ ಚಳಿಗೆಂದು ತಂದ ಕಂಬಳಿ. ಆ ಸೀಮೆಯ ತೇವಕ್ಕೆ ಅದರ ಗಂಜಿಯೆಲ್ಲ ಕರಗಿ, ಬಾಗಿಲಿನ ಹಾಗಿದ್ದದ್ದು ಹಳಸಿದ ಮುದ್ದೆಯಂತಾಗಿ ನನ್ನ ಹೆಗಲಿಗೆ ಅಂಟಿಕೊಂಡಿತ್ತು. ದಾರಿಬದಿಯಲ್ಲಿ ಒಣಹಾಕಿದ ಮೀನಿನ ಪಕ್ಕದ ಬೇಲಿಯ ಮೇಲೆ ನಾನೇ ಅದನ್ನು ಬಿಸಿಲಿಗೆ ಹರವಿದ್ದೆ.

ಒಂದು ತಿರುವಿನಲ್ಲಿ ಏನಾಯಿತೆಂದರೆ, ಬಂಡೆಗಳ ನಡುವೆ ನೀರು ಒಳಕ್ಕೆ ನುಗ್ಗಿ ಬಂದು, ಎಳೆಯ ಬಾಳೆಲೆಯ ಹಸಿರಾಗಿ ಒಂದು ಕ್ಷಣ ನಿಂತು, ಒಡೆದು ಬಿಳಿಯಾಗಿ ಹಾರಿತು. "ನಿಲ್ಸಲೇ ಪಾಲಯ್ಯಾ!" ಎಂಬ ಕೂಗು ಕೇಳಿತು. ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು. ಕೂಗಿದವನು ನಾನೇ.

"ಯಾಕ್ರಿ? ಏನು ಬಿತ್ತು?" ಎಂದ ಪಾಲಯ್ಯ.

ಏನೂ ಬಿದ್ದಿರಲಿಲ್ಲ. ನನಗೆ ಸುಮ್ಮನೆ ನೋಡಬೇಕೆನ್ನಿಸಿತ್ತು. ಕಾರಣವಿಲ್ಲದೆ ನಾನು ನಿಂತದ್ದು ಬಹುಶಃ ಅದೇ ಮೊದಲು. ಬಂಡೆಯ ಮೇಲೆ ಕೂತು, ಒಣಗಿದ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಅಲೆ ಹಾರಿ ಮುಖಕ್ಕೆ ಬಿದ್ದಾಗ ಮೂವರೂ ಮಕ್ಕಳ ಹಾಗೆ ಕಿರುಚಿದೆವು. ಚಟ್ನಿಪುಡಿಗೆ ಉಪ್ಪು ಕಡಿಮೆಯಾಗಿತ್ತು, ಕಡಲೇ ಸರಿಮಾಡಿತು.

"ನಿನಗೂ ಹತ್ತಿತು ಬಿಡು," ಎಂದು ದೊಡ್ಡವ್ವ ನಕ್ಕಳು. ನಗು ಇಳಿದ ಮೇಲೆ ಲಡಿಗಳ ಹಗ್ಗವನ್ನು ತೊಡೆಯ ಮೇಲೆ ಹರವಿಕೊಂಡಳು. "ಬಣ್ಣ ನೂರು ಅದಾವೆ ಸಿದ್ದ. ಸೀರೆ ಒಂದೇ. ಯಾವುದನ್ನ ಹಿಡೀಲಿ? ಇನ್ನೊಂದ್ಸಾರಿ ತಪ್ಪಿದ್ರೆ ಆ ಬಾನಿ ಮುಚ್ಚಿಬಿಡ್ರಿ. ನಾನು ಅದರ ಮಕ ನೋಡಲ್ಲ."

ಅಘನಾಶಿನಿ ದಾಟಲು ಜಂಗಲ್ ಹತ್ತಬೇಕಿತ್ತು. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಸಾಧನ ಅದು. ಗಾಡಿ, ಎತ್ತು, ಮನುಷ್ಯ ಎಲ್ಲ ಒಟ್ಟಿಗೆ. ಸಮುದ್ರದ ಬಾಯಿ ಹತ್ತಿರವೇ, ಹೊಳೆ ಹರವಾಗಿ ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು.

"ಇದು ಮುಳುಗಿದ್ದು ಉಂಟೇನ್ರಿ?" ಎಂದು ಅಂಬಿಗನನ್ನು ಕೇಳಿದೆ.

"ನಾ ಕಂಡಂಗೆ ಇಲ್ಲ ಮಾರಾಯ್ರೆ."

"ನೀವು ಕಾಣೋಕಿಂತ ಮುಂಚೆ?"

ಅವನು ಹುಟ್ಟು ಹಾಕಿದ. ನಾನು ಕೆಂಚನ ಕೊರಳು ತಬ್ಬಿ ಕಣ್ಣು ಮುಚ್ಚಿದೆ. ಕೆಂಚನೂ ಕಣ್ಣು ಮುಚ್ಚಿದ್ದನೆಂದು ಆಮೇಲೆ ತಿಳಿಯಿತು. ನಡುಹೊಳೆಯಲ್ಲಿ ಇರುವಾಗ ದೊಡ್ಡವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು.

"ಕಣ್ಣು ತೆಗಿಯಲೇ! ಬಿಸಿಲಿನ ಕಡೆ ಬೆನ್ನು ಹಾಕಿ ನೀರು ನೋಡು. ಏನು ಬಣ್ಣ?"

"ನೀಲಿ."

"ಈಗ ಹಿಂಗೆ ತಿರುಗು. ಅದೇ ನೀರು. ಈಗ?"

"ಹಸಿರು... ದೊಡ್ಡವ್ವ, ಅಂಚಿಗೆ ಹೋಗಬೇಡ!"

"ಅದೇ ನೀರು ಕಣೋ! ಎರಡೂ ಒಳಗೇ ಅದಾವೆ. ನಾನೊಬ್ಳು ದಡ್ಡಿ, ಲಡಿ ಒಂದೊಂದೇ ಹಿಡಿದು ನೋಡ್ತಾ ಕುಂತಿದ್ದೆ. ಹಾಸಿಗೆ ನೀಲಿ, ಹೊಕ್ಕಿಗೆ ಹಸಿರು! ಉಟ್ಟೋಳು ಒಂದೊಂದು ಹೆಜ್ಜೆ ಇಟ್ಟಂಗೂ ಬಣ್ಣ ತಿರುಗಬೇಕು!"

ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಎಂದರೆ ಅಡ್ಡದ ಎಳೆ. ನಾವು ನೇಯುವವರು, ದಿನಾ ಮಾಡುವ ಕೆಲಸ. ಎರಡು ಬಣ್ಣದ ಮಿಂಚಿನ ಸೀರೆ ನಮಗೆ ಹೊಸದೇನಲ್ಲ. ಆದರೆ ಸಮುದ್ರವೂ ಹಾಗೇ ನೇಯ್ದದ್ದೆಂದು ಯಾರಿಗೆ ಗೊತ್ತಿತ್ತು? ಅವಳು ಜಂಗಲ್ಲಿನ ಮೇಲೆ ಕುಣಿಯುವುದೊಂದು ಬಾಕಿ. ಎತ್ತುಗಳು ಬೆದರಿದವು. ಅಂಬಿಗ "ಕೂತ್ಕೊಳ್ಳಿ ಅಬ್ಬೇ, ಕೂತ್ಕೊಳ್ಳಿ" ಎಂದು ಕೈ ಮುಗಿದ.

ಅಂಕೋಲೆಯಲ್ಲಿ ವರ್ತಕರು ನಮ್ಮನ್ನು ಕಂಡು ಜಗುಲಿಯಿಂದ ಎದ್ದು ಬಂದರು. ಬಣ್ಣ ನೋಡಲು ಘಟ್ಟ ಇಳಿದು ಬಂದಿದ್ದೇವೆಂದರೆ ಅವರಿಗೆ ನಂಬಿಕೆಯೇ ಬರಲಿಲ್ಲ. "ಮಾದರಿ ತೋರ್ಸಿ ನೋಡುವ" ಎಂದರು, ಕೆಸರನ್ನು ಮರೆಯದ ದನಿಯಲ್ಲಿ. ದೊಡ್ಡವ್ವ ಹಿತ್ತಲಲ್ಲಿ ಮಡಕೆ ಇಟ್ಟಳು. ಎಳೆಯ ನೀಲಿಯ ಲಡಿಯನ್ನು ಅರಿಶಿನದಲ್ಲಿ ಅದ್ದಿದರೆ ಹಸಿರು ಏಳಬೇಕು. ಆ ಮನೆಯ ಬಾವಿಯ ನೀರಿನಲ್ಲಿ ಅರಿಶಿನ ಯಾಕೋ ಕಂದಿತು. ಎದ್ದದ್ದು ಬಾಡಿದ ಸೊಪ್ಪಿನ ಬಣ್ಣ. ಇನ್ನೊಂದು ಲಡಿ ಅದ್ದಿದಳು. ಅದೂ ಹಾಗೇ. ಅವಳ ಮುಖ ಬಿತ್ತು. "ಈ ನೀರಿನಾಗೆ ನನ್ನ ಕೈ ಓಡವಲ್ದು" ಎಂದಳು. ವರ್ತಕರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಒಳಗೆ ಹೊರಟರು.

ಪಾಲಯ್ಯ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರೂ ಗಾಡಿಯ ಹತ್ತಿರ ಓಡಿದೆವು.

ಪೀಪಾಯಿಯ ಬಾಯಿ ತೆರೆದಾಗ ಬಂದ ವಾಸನೆಗೆ ಮನೆಯ ಬೆಕ್ಕು ಎದ್ದು ಹೋಯಿತು. ಆದರೂ ಅದು ಮೊಳಕಾಲ್ಮೂರಿನ ನೀರು. ದೊಡ್ಡವ್ವ ಬೆರಳದ್ದಿ ನೋಡಿ, ನೆಂಟರನ್ನು ಕಂಡ ಹಾಗೆ ಮುಖ ಅರಳಿಸಿದಳು. ಕೊನೆಯ ಲಡಿ ಮೇಲೆದ್ದಾಗ ಬಂಡೆಗಳ ನಡುವಿನ ಅದೇ ಬಾಳೆಲೆ ಹಸಿರು ಹನಿಹನಿಯಾಗಿ ಅವಳ ಬೆರಳಿನಿಂದ ಇಳಿಯಿತು. ನನ್ನ ಹೆದರಿಕೆಯೊಂದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು, ಅದೇ ಕೊನೆ.

ತೆಂಗಿನ ಗರಿಯ ಕಡ್ಡಿಗಳನ್ನು ಚೌಕಟ್ಟಾಗಿ ಕಟ್ಟಿ, ನೀಲಿ ಹಾಸಿಗೆ ಹಸಿರು ಹೊಕ್ಕು ಹಾಕಿ, ಅಂಗೈಯಗಲದ ತುಂಡೊಂದನ್ನು ಬೆರಳಲ್ಲೇ ನೇಯ್ದು ಮದುಮಗಳ ಕೈಗಿಟ್ಟಳು. ಹಿತ್ತಲ ಬೇಲಿಯಾಚೆಗೇ ಸಮುದ್ರ. ಹುಡುಗಿ ತುಂಡನ್ನು ಅದಕ್ಕೆ ಎದುರಾಗಿ ಹಿಡಿದಳು, ಓರೆ ಮಾಡಿದಳು, ಮತ್ತೆ ಓರೆ ಮಾಡಿದಳು.

"ಅಜ್ಜೀ, ಹಂದಾಡ್ತದೆ ಇದು, ಅಲೆ ಹಾಂಗೆ!" ಎಂದು ತನ್ನ ಅಜ್ಜಿಯನ್ನು ಕೂಗಿದಳು. ಆಮೇಲೆ ಮೆಲ್ಲಗೆ ದೊಡ್ಡವ್ವನಿಗೆ ಹೇಳಿದಳು: "ನನ್ನನ್ನು ಕೊಡೋದು ಹುಬ್ಬಳ್ಳಿಗೆ. ಅಲ್ಲಿ ಸಮುದ್ರ ಇಲ್ಲವಂತೆ."

ಅಷ್ಟರಲ್ಲಿ ಅವಳ ಅಜ್ಜಿ, ವರ್ತಕರ ಹೆಂಡತಿ, ನನ್ನ ಬಿಚ್ಚಿದ ಗಂಟಿನಲ್ಲಿ ಇಣುಕುತ್ತಿದ್ದ ಕೆಂಪು ಸೀರೆಯನ್ನು ಎಳೆದು ಹರವಿದರು. "ಇದ್ಯಾವುದು?"

"ನಾವು ಮೊದ್ಲು ಕಳಿಸಿದ್ದು," ಎಂದು ಗೊಣಗಿದೆ. "ಕೆಸರು."

ವರ್ತಕರು ಅದನ್ನು ಅಂಗಡಿಯಲ್ಲೇ ಬಿಚ್ಚಿ, ಮನೆಗೆ ತರದೆ, ಅಲ್ಲಿಂದಲೇ ತಿರುಗಿ ಕಳಿಸಿದ್ದರು. ಅಜ್ಜಿ ಗಂಡನ ಕಡೆ ತಿರುಗಿದರು. "ನೀವು ಆಷಾಢದಲ್ಲಿ ಒಂದು ದಿನ ಈ ಹಿತ್ತಲಿಗೆ ಬಂದು ನೋಡಿದ್ದುಂಟಾ? ಹಡಗು ಬರುವಾಗ ಮಾತ್ರ ನಿಮಗೆ ಸಮುದ್ರ. ಮಳೆ ಹಿಡಿದಾಗ ಹೊಳೆ ಕೆಂಪು ನೀರು ತಂದು ಸುರೀತದೆ. ಆಗ ಕಣ್ಣು ಹೋಗುವಷ್ಟು ದೂರ ಇದೇ ಬಣ್ಣ. ಇದು ಮಳೆಗಾಲದ ಸಮುದ್ರ."

ಹುಡುಗಿ ಸೀರೆಯನ್ನು ಎದೆಗವಚಿಕೊಂಡು "ಎರಡೂ ನಂಗೆ" ಎಂದುಬಿಟ್ಟಳು. ವರ್ತಕರು ಹಿತ್ತಲ ಬೇಲಿಯನ್ನು ಮೊದಲ ಸಲ ಕಾಣುವವರ ಹಾಗೆ ನೋಡಿದರು.

ದೊಡ್ಡವ್ವ ನನ್ನ ಕಿವಿಯ ಹತ್ತಿರ ಬಂದಳು. "ನೋಡಿದ್ಯಾ? ಬಣ್ಣ ತಪ್ಪಿರಲಿಲ್ಲ ಕಣೋ. ತಿಂಗಳು ತಪ್ಪಿತ್ತು."

ವಾಪಸು ಬರುವಾಗ ಗಾಡಿ ಎಲ್ಲೂ ನಿಲ್ಲಲಿಲ್ಲ. ಕೆಂಚ ಉಪ್ಪಿನ ಗದ್ದೆಯ ಹತ್ತಿರ ಕತ್ತು ತಿರುಗಿಸಿದ, ದೊಡ್ಡವ್ವ "ನಡಿಯಲೇ" ಎಂದಳು, ನಡೆದ. ಊರು ಮುಟ್ಟಿದಾಗ ಗೌರಮ್ಮ ಕಾಲಿಗೆ ನೀರು ತಂದಳು. ದೊಡ್ಡವ್ವ ಕಾಲು ತೊಳೆಯಲಿಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ, ಕುಕ್ಕರಿಸಿ, ಮೊಣಕೈವರೆಗೂ ಎರಡೂ ಕೈಗಳನ್ನು ಬಾನಿಯೊಳಗೆ ಇಳಿಬಿಟ್ಟಳು. ಒಳಗೇ ಬೆರಳಾಡಿಸಿ ನೋಡಿದಳು. "ಬದುಕೈತೆ" ಎಂದಳು.

ಮದುವೆಗೆ ಮುಂಚೆಯೇ ಸೀರೆ ಹೋಯಿತು. ಅದು ತಿರುಗಿ ಬರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ನಮ್ಮ ಕೆರೆಗೆ ಹೊಸ ನೀರು ಬಂತು. ಊರಿಗೆ ಊರೇ ಏರಿಯ ಮೇಲೆ ಸೇರಿತ್ತು. ಹೆಂಗಸರು ಆರತಿ ತಟ್ಟೆ ಹಿಡಿದಿದ್ದರು. ನಾನು ಏರಿಯ ಬುಡದಲ್ಲಿ ಒಸರು ಕಾಣುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದೆ. ದೊಡ್ಡವ್ವ ಬಂದು ನನ್ನ ರಟ್ಟೆ ಹಿಡಿದು ಮೇಲಕ್ಕೆತ್ತಿ, ನೀರಿನ ಕಡೆ ತಿರುಗಿಸಿ ನಿಲ್ಲಿಸಿದಳು. ಅವಳ ಕೈ ಮೊಣಕೈವರೆಗೆ ನೀಲಿ. ಎದುರಿಗೆ ಕೆರೆ ಕೆಂಪಗೆ, ಬಿಸಿಲು ಬಿದ್ದ ಕಡೆ ಹೊನ್ನಾಗಿ, ತುಂಬಿ ತುಳುಕುತ್ತಿತ್ತು.

"ಲೇ ಸಿದ್ದ," ಎಂದಳು, "ಆ ಹುಡುಗಿ ತವರಿನ ಹಿತ್ತಲಾಗೂ ಇವತ್ತು ಹಿಂಗೇ ಐತೆ ನೋಡು."